ಎನ್‌1 ದಾಟಿದ ಮೇಲೆ ಏನು ಓದೋಣ?

ಡಿಸೆಂಬರ್‌ನ ಮೊದಲ ಭಾನುವಾರ ಬಂತೆಂದರೆ ಬೆಂಗಳೂರಿನಲ್ಲಿ ಜಪಾನಿ ಭಾಷೆಯ ಪರೀಕ್ಷೆ. ಗೆದ್ದವರಿಗೆ ಕೆಲಸವಿದೆ, ಟೋಕಿಯೊಗೆ ಟಿಕೆಟ್ಟೂ ಸಿಗಬಹುದು. ಆ ಭಾಷೆಯ ಸಾವಿರ ವರ್ಷದ ಸಾಹಿತ್ಯ ಮಾತ್ರ ಇವತ್ತಿಗೂ ಬಹುಮಟ್ಟಿಗೆ ಇಂಗ್ಲಿಷಿನ ದಾರಿ ಬಳಸಿಕೊಂಡೇ ಕನ್ನಡಕ್ಕೆ ಬರುತ್ತಿದೆ. ನೇರ ದಾರಿ ಹಾಕುವ ಶಕ್ತಿ ಇರುವುದು ವಿಶ್ವವಿದ್ಯಾಲಯದ ತರಗತಿಗೆ. ಲೈಡನ್‌ನಿಂದ ಶಾಂತಿನಿಕೇತನದವರೆಗಿನ ಕಥೆಗಳು ಹೇಳುವುದು ಅದನ್ನೇ.

1941ರ ಶರತ್ಕಾಲ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಒಂದು ತರಗತಿ. ಕರಿಹಲಗೆಯ ತುಂಬ ಪಾಠಕ್ಕೆ ಮುಂಚೆಯೇ ಬರೆದಿಟ್ಟ ಅಕ್ಷರಗಳು. ವಿದ್ಯಾರ್ಥಿ ಏನಾದರೂ ಕೇಳಿದರೆ ತೆಗೆದು ತೋರಿಸಲು ಮೇಜಿನ ಮೇಲೆ ಪುಸ್ತಕಗಳ ರಾಶಿ. ಪಕ್ಕದಲ್ಲಿ ನಿಂತವರು 64 ವರ್ಷದ ರ್‍ಯೂಸಾಕು ತ್ಸುನೋಡ. ವಿಷಯ: ಜಪಾನಿ ಚಿಂತನೆಯ ಇತಿಹಾಸ.

ಎದುರಿಗೆ ಕೂತಿದ್ದವನು ಒಬ್ಬನೇ ಒಬ್ಬ, 19 ವರ್ಷದ ಡೊನಾಲ್ಡ್ ಕೀನ್. ಬೇರೆ ಯಾರೂ ಹೆಸರು ಕೊಟ್ಟಿರಲಿಲ್ಲ. ತನ್ನೊಬ್ಬನಿಗಾಗಿ ಗುರುಗಳು ಇಷ್ಟು ಕಷ್ಟಪಡುವುದು ಬೇಡವೆಂದು ಹುಡುಗ ತರಗತಿ ಬಿಡಲು ಮುಂದಾದ. ಒಬ್ಬ ವಿದ್ಯಾರ್ಥಿ ಸಾಕು ಎಂದರು ತ್ಸುನೋಡ. ಪಾಠ ನಡೆಯಿತು.

ಆ ವರ್ಷ ಡಿಸೆಂಬರ್ 7 ಭಾನುವಾರ. ತಿಂಗಳ ಮೊದಲ ಭಾನುವಾರ. ಅಂದು ಜಪಾನಿ ವಿಮಾನಗಳು ಪರ್ಲ್ ಹಾರ್ಬರ್ ಮೇಲೆ ಎರಗಿದವು. ಮರುದಿನ ಕೀನ್ ತರಗತಿಗೆ ಹೋದರೆ ಗುರುಗಳಿರಲಿಲ್ಲ. ಶತ್ರು ದೇಶದ ಪ್ರಜೆಯೆಂದು ಅವರನ್ನು ಹಿಡಿದೊಯ್ದಿದ್ದರು.

ಈಗ ಪ್ರತಿವರ್ಷ ಅದೇ ಡಿಸೆಂಬರ್‌ನ ಮೊದಲ ಭಾನುವಾರ ಹತ್ತಾರು ದೇಶಗಳ ಜನ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಗೆ ಕೂರುತ್ತಾರೆ. ಜೆಎಲ್‌ಪಿಟಿ ಎಂದೇ ಎಲ್ಲರಿಗೂ ಪರಿಚಿತವಾದ ಈ ಪರೀಕ್ಷೆಗೆ ಬೆಂಗಳೂರೂ ಒಂದು ಕೇಂದ್ರ. ಎನ್‌5ರಿಂದ ಎನ್‌1ರವರೆಗೆ ಐದು ಮೆಟ್ಟಿಲು; ಕೊನೆಯದೇ ಎಲ್ಲಕ್ಕಿಂತ ಎತ್ತರದ್ದು. ಕಾಲೇಜು ಮುಗಿಸಿದವರು, ಐಟಿ ಕಂಪನಿಯವರು, ಅನಿಮೆ ನೋಡಿ ನೋಡಿ ಭಾಷೆಯ ಮೋಹಕ್ಕೆ ಬಿದ್ದ ಹುಡುಗ ಹುಡುಗಿಯರು ಒಂದೇ ಬೆಂಚಿನಲ್ಲಿ ಕೂತು ಪೆನ್ಸಿಲ್‌ನಿಂದ ಗೋಲ ತುಂಬುತ್ತಾರೆ.

ಈ ಉತ್ಸಾಹ ನಿಜವಾದದ್ದು, ಅದಕ್ಕೆ ಕಾರಣವೂ ಇದೆ. 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಸ್ಥಾಪನೆಯಾಗಿ ಬಿಡದಿಯಲ್ಲಿ ಕಾರ್ಖಾನೆ ಎದ್ದಿತು. ಕೋಲಾರದ ನರಸಾಪುರದಲ್ಲಿ ಹೋಂಡಾ ದ್ವಿಚಕ್ರ ವಾಹನಗಳ ಘಟಕ ಬಂತು. ಜಪಾನಿ ಗ್ರಾಹಕರಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿಗಳಿಗೆ ಭಾಷೆ ಬಲ್ಲವರು ಬೇಕಾದರು. ಗಲ್ಲಿಗಲ್ಲಿಯಲ್ಲೂ ತರಬೇತಿ ಕೇಂದ್ರಗಳು ಬಾಗಿಲು ತೆರೆದವು.

ಈ ಪರೀಕ್ಷೆಯಲ್ಲಿ ಶಬ್ದಜ್ಞಾನ, ವ್ಯಾಕರಣ, ಓದು, ಆಲಿಸುವಿಕೆ ಇವೆ. ಮಾತಾಡುವ ಪರೀಕ್ಷೆಯಿಲ್ಲ, ಬರೆಯುವ ಪರೀಕ್ಷೆಯೂ ಇಲ್ಲ. ಜಪಾನಿಯಲ್ಲಿ ಸ್ವಂತದ ಒಂದು ಸಾಲು ಬರೆಯದೆಯೂ ಎನ್‌1 ದಾಟಬಹುದು. ದಾಟಿದವರಿಗೆ ಕಂಪನಿ ಸಂಬಳ ಕೊಡುತ್ತದೆ. ದಾಟಿದ ಮೇಲೆ ಏನು ಓದಬೇಕು, ಯಾಕೆ ಓದಬೇಕು, ಯಾರೊಂದಿಗೆ ಕೂತು ಓದಬೇಕು ಎಂಬುದಕ್ಕೆ ಉತ್ತರ ಕೊಡಬೇಕಾದದ್ದು ವಿಶ್ವವಿದ್ಯಾಲಯ. ಕರ್ನಾಟಕದಲ್ಲಿ ಆ ಉತ್ತರ ಇನ್ನೂ ಗಟ್ಟಿಯಾಗಿ ಕೇಳಿಸುತ್ತಿಲ್ಲ.

ಯುದ್ಧಕ್ಕೆಂದು ಕಲಿತರು, ಬದುಕಿಡೀ ಓದಿದರು

ಕೆಲಸಕ್ಕಾಗಿ ಭಾಷೆ ಕಲಿಯುವುದು ಕೀಳಲ್ಲ. ಪಶ್ಚಿಮದ ವಿಶ್ವವಿದ್ಯಾಲಯಗಳಲ್ಲಿ ಜಪಾನಿ ಅಧ್ಯಯನ ದೊಡ್ಡದಾಗಿ ಬೆಳೆದದ್ದೇ ತುರ್ತು ಅಗತ್ಯದಿಂದ. ಆ ಅಗತ್ಯಕ್ಕೆ ಯುದ್ಧ ಎಂದು ಹೆಸರು.

ಪರ್ಲ್ ಹಾರ್ಬರ್ ದಾಳಿಯ ಹೊತ್ತಿಗೆ ಅಮೆರಿಕದ ಸೈನ್ಯದಲ್ಲಿ ಜಪಾನಿ ಓದಬಲ್ಲವರು ಬಹಳ ವಿರಳ. ನೌಕಾಪಡೆ ಬರ್ಕಲಿಯಲ್ಲಿ ಭಾಷಾ ಶಾಲೆ ನಡೆಸುತ್ತಿತ್ತು. ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನೆಲ್ಲ ಶಿಬಿರಗಳಿಗೆ ಸಾಗಿಸುವ ಆದೇಶ ಬಂದಾಗ ಶಾಲೆಯ ಅಧ್ಯಾಪಕರೂ ಆ ಆದೇಶದೊಳಗೆ ಬಿದ್ದರು. 1942ರಲ್ಲಿ ಇಡೀ ಶಾಲೆಯನ್ನೇ ಕೊಲರಾಡೊದ ಬೋಲ್ಡರ್‌ಗೆ ಎತ್ತಿಕೊಂಡು ಹೋದರು. ತಮ್ಮ ಸಮುದಾಯವನ್ನು ಮುಳ್ಳುತಂತಿಯ ಹಿಂದೆ ಕೂರಿಸಿದ ಸರ್ಕಾರದ ಅಧಿಕಾರಿಗಳಿಗೆ ಆ ಅಧ್ಯಾಪಕರು ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ ಆರು ದಿನ ತಮ್ಮ ಮಾತೃಭಾಷೆ ಕಲಿಸಿದರು. ಶನಿವಾರ ತಪ್ಪದೆ ಪರೀಕ್ಷೆ.

ಕೀನ್ ಕಲಿತದ್ದು ಈ ಶಾಲೆಯಲ್ಲಿ, ಹನ್ನೊಂದು ತಿಂಗಳು. ಬಳಿಕ ಹವಾಯಿಗೆ ಕಳಿಸಿದರು. ರಣರಂಗದಲ್ಲಿ ಸಿಕ್ಕ ಕಾಗದಗಳನ್ನು ಓದುವುದು ಅವರ ಕೆಲಸ. ಅಮೆರಿಕದ ಸೈನಿಕರು ದಿನಚರಿ ಬರೆಯುವಂತಿರಲಿಲ್ಲ. ಜಪಾನಿ ಸೈನಿಕರು ಬರೆಯುತ್ತಿದ್ದರು. ರಕ್ತದ ಕಲೆ ಅಂಟಿದ ಆ ಪುಟ್ಟ ಪುಸ್ತಕಗಳನ್ನು ಬೇರೆಯವರು ಮುಟ್ಟಲು ಹಿಂಜರಿದಾಗ ಕೀನ್ ಓದಿದರು. ಹಸಿವು, ಜ್ವರ, ಮನೆಯ ನೆನಪು. ಕೆಲವು ಪುಸ್ತಕಗಳ ಕೊನೆಯ ಪುಟದಲ್ಲಿ ಇಂಗ್ಲಿಷಿನಲ್ಲಿ ಒಂದು ಬೇಡಿಕೆ: ಯುದ್ಧ ಮುಗಿದ ಮೇಲೆ ಇದನ್ನು ನನ್ನ ಮನೆಯವರಿಗೆ ತಲುಪಿಸಿ. ಅಂಥವನ್ನು ಕೀನ್ ಮೇಜಿನ ಖಾನೆಯಲ್ಲಿ ಬಚ್ಚಿಟ್ಟರು. ಅವನ್ನೂ ಆಮೇಲೆ ಕಿತ್ತುಕೊಂಡರು. ತಾನು ನಿಜವಾಗಿ ಬಲ್ಲವನಾದ ಮೊದಲ ಜಪಾನೀಯರೆಂದರೆ ಈ ದಿನಚರಿ ಬರೆದು ಸತ್ತವರು ಎಂದು ಅವರು ಮುಂದೆ ನೆನೆದರು.

ಇಲ್ಲಿಗೆ ನಿಂತಿದ್ದರೆ ಅದು ಬರೀ ಗೂಢಚರ್ಯೆಯ ಕಥೆಯಾಗುತ್ತಿತ್ತು. ಯುದ್ಧ ಮುಗಿಯಿತು, ಕೀನ್ ಕೊಲಂಬಿಯಾಕ್ಕೆ ಮರಳಿದರು. ತ್ಸುನೋಡ ಅಷ್ಟರಲ್ಲಿ ಬಿಡುಗಡೆಯಾಗಿ ಮತ್ತೆ ಪಾಠ ಮಾಡುತ್ತಿದ್ದರು. 1958ರಲ್ಲಿ ತ್ಸುನೋಡ, ಕೀನ್ ಮತ್ತು ಅವರದೇ ಬಳಗದ ವಿಲಿಯಂ ಥಿಯೊಡರ್ ಡಿ ಬ್ಯಾರಿ ಸೇರಿ ಜಪಾನಿ ಚಿಂತನೆಯ ಮೂಲ ಬರಹಗಳ ದೊಡ್ಡ ಸಂಕಲನ ತಂದರು. ಸತ್ತ ಸೈನಿಕರ ದಿನಚರಿ ಓದಿದ್ದ ಕೀನ್, ಜಪಾನಿ ದಿನಚರಿ ಸಾಹಿತ್ಯದ ಸಾವಿರ ವರ್ಷದ ಪರಂಪರೆಯ ಮೇಲೇ ಪುಸ್ತಕ ಬರೆದರು. ಐವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದರು. 2011ರ ಭೂಕಂಪ, ಸುನಾಮಿಗಳ ನಂತರ ವಿದೇಶಿಯರು ಜಪಾನ್ ಬಿಟ್ಟು ಹೊರಡುತ್ತಿದ್ದಾಗ ಅವರು ಅಲ್ಲೇ ನೆಲೆಸುವುದಾಗಿ ಹೇಳಿ, ಮರುವರ್ಷ ಅಲ್ಲಿನ ಪೌರತ್ವ ಪಡೆದರು. 2019ರ ಫೆಬ್ರವರಿಯಲ್ಲಿ, 96ರ ವಯಸ್ಸಿನಲ್ಲಿ, ಜಪಾನೀಯರಾಗಿಯೇ ತೀರಿಕೊಂಡರು.

ಅದೇ ನೌಕಾಪಡೆಯ ಶಾಲೆಯಿಂದ ಬಂದ ಇನ್ನೊಬ್ಬರು ಎಡ್ವರ್ಡ್ ಸೈಡೆನ್‌ಸ್ಟಿಕರ್. ಯಾಸುನಾರಿ ಕವಾಬಾತರ ಕಾದಂಬರಿಗಳನ್ನು ಇಂಗ್ಲಿಷಿಗೆ ತಂದವರು. 1968ರಲ್ಲಿ ಕವಾಬಾತರಿಗೆ ನೊಬೆಲ್ ಬಂತು. ಸಾಹಿತ್ಯದ ನೊಬೆಲ್ ಪಡೆದ ಮೊದಲ ಜಪಾನಿ ಲೇಖಕ ಅವರು. ಅನುವಾದವಿಲ್ಲದಿದ್ದರೆ ಆ ಕಾದಂಬರಿಗಳು ಸ್ಟಾಕ್‌ಹೋಮ್ ಮುಟ್ಟುವುದು ಕಷ್ಟವಿತ್ತು.

ಲಂಡನ್ನಿನಲ್ಲೂ ಹೀಗೇ ಆಯಿತು. 1942ರಲ್ಲಿ ಶಾಲೆ ಮುಗಿಸುವ ವಯಸ್ಸಿನ ಮೂವತ್ತು ಹುಡುಗರನ್ನು ಆರಿಸಿ, ಡಲ್ವಿಚ್ ಕಾಲೇಜಿನಲ್ಲಿ ವಸತಿ ಕೊಟ್ಟು, ಲಂಡನ್ ವಿಶ್ವವಿದ್ಯಾಲಯದ ಪ್ರಾಚ್ಯ ಅಧ್ಯಯನ ಸಂಸ್ಥೆ ಸೋಆಸ್‌ನಲ್ಲಿ ಏಷ್ಯಾದ ಭಾಷೆಗಳನ್ನು ಕಲಿಸಿದರು. ಜಪಾನಿ ಕಲಿತ ಅವರಲ್ಲೊಬ್ಬ ರೊನಾಲ್ಡ್ ಡೋರ್. ಮುಂದೆ ಜಪಾನಿನ ಹಳ್ಳಿ ಮತ್ತು ಕಾರ್ಖಾನೆಗಳನ್ನು ಅಧ್ಯಯನ ಮಾಡಿದ ದೊಡ್ಡ ಸಮಾಜಶಾಸ್ತ್ರಜ್ಞ. ಇನ್ನೊಬ್ಬ ಪೀಟರ್ ಪಾರ್ಕರ್, ಮುಂದೆ ಬ್ರಿಟಿಷ್ ರೈಲ್ವೆಯ ಅಧ್ಯಕ್ಷ. ಏಷ್ಯಾದ ಭಾಷೆಗಳನ್ನು ಕಲಿಸುವ ಶಕ್ತಿಯನ್ನು ಬ್ರಿಟನ್ ಕಳೆದುಕೊಳ್ಳುತ್ತಿದೆ ಎಂದು 1986ರಲ್ಲಿ ಸರ್ಕಾರವನ್ನು ಎಚ್ಚರಿಸುವ ವರದಿ ಕೊಟ್ಟವರು ಇದೇ ಪಾರ್ಕರ್.

ಅಗತ್ಯ ಅವರನ್ನು ತರಗತಿಯವರೆಗೆ ತಂದಿತು. ಅಗತ್ಯ ತೀರಿದ ಮೇಲೂ ಅವರನ್ನು ಹಿಡಿದಿಟ್ಟದ್ದು ಗುರು, ಗ್ರಂಥಾಲಯ, ಮತ್ತು ಪದವಿಯ ಹೆಸರಿನಲ್ಲಿ ಸಿಕ್ಕ ಕೆಲವು ವರ್ಷಗಳ ನಿಶ್ಚಿಂತೆಯ ಓದು.

> ಜಪಾನ್ ಕಾಣದ ಜಪಾನಿ ಪಂಡಿತರು
>
> ● ಯೋಹಾನ್ ಯೋಸೆಫ್ ಹಾಫ್‌ಮನ್ ಜರ್ಮನಿಯ ಒಪೆರಾ ಗಾಯಕ. 1830ರಲ್ಲಿ ಆಂಟ್‌ವರ್ಪ್‌ನಲ್ಲಿ, ಜಪಾನಿನಿಂದ ಮರಳಿದ್ದ ವೈದ್ಯ ಸೀಬೋಲ್ಡ್‌ರ ಭೇಟಿ ಆಕಸ್ಮಿಕವಾಗಿ ಆಯಿತು. ಹಾಡು ಬಿಟ್ಟು ಅವರ ಸಹಾಯಕನಾದ. 1855ರಲ್ಲಿ ನೆದರ್‌ಲೆಂಡ್ಸ್‌ನ ಲೈಡನ್‌ನಲ್ಲಿ ಚೀನಿ–ಜಪಾನಿ ಪ್ರಾಧ್ಯಾಪಕ. ಯುರೋಪಿನಲ್ಲಿ ಜಪಾನಿಗೆ ಸಿಕ್ಕ ಮೊದಲ ಪೀಠ ಅದು. ಜಪಾನಿಗೆ ಒಮ್ಮೆಯೂ ಹೋಗಲಿಲ್ಲ.
>
> ● ಆರ್ಥರ್ ವೇಲಿ ಬ್ರಿಟಿಷ್ ಮ್ಯೂಸಿಯಂನಲ್ಲಿ ಕೆಲಸ ಮಾಡುತ್ತ ಜಪಾನಿ ಕಲಿತವರು. ಜಪಾನಿನ ಹಳೆಯ ಕಾದಂಬರಿ ‘ಗೆಂಜಿ ಕಥೆ’ಯ ಅವರ ಇಂಗ್ಲಿಷ್ ಅನುವಾದ 1925ರಿಂದ 1933ರವರೆಗೆ ಸಂಪುಟ ಸಂಪುಟವಾಗಿ ಬಂತು. ಅವರೂ ಜಪಾನ್ ನೋಡಲಿಲ್ಲ. ಡೊನಾಲ್ಡ್ ಕೀನ್ 1940ರಲ್ಲಿ ಟೈಮ್ಸ್ ಸ್ಕ್ವೇರ್‌ನ ಅಂಗಡಿಯಲ್ಲಿ ಅಗ್ಗವೆಂದು 49 ಸೆಂಟ್‌ಗೆ ಕೊಂಡದ್ದು ಇದನ್ನೇ.
>
> ● ಇಂಗ್ಲೆಂಡಿನ ಬೇಸಿಲ್ ಹಾಲ್ ಚೇಂಬರ್ಲಿನ್‌ರದು ಬೇರೆಯೇ ದಾರಿ. 1886ರಲ್ಲಿ ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ ಜಪಾನೀಯರಿಗೇ ಜಪಾನಿ ಭಾಷಾಶಾಸ್ತ್ರ ಕಲಿಸುವ ಪ್ರಾಧ್ಯಾಪಕರಾದರು.

ಶಾಂತಿನಿಕೇತನಕ್ಕೆ ಬಂದ ಜೂಡೊ ಗುರು

ಭಾರತದಲ್ಲಿ ಈ ಕಥೆ ಯುದ್ಧದಿಂದ ಹುಟ್ಟಲಿಲ್ಲ. ಸ್ನೇಹದಿಂದ ಹುಟ್ಟಿತು.

1902ರಲ್ಲಿ ಜಪಾನಿನ ಕಲಾಚಿಂತಕ ಒಕಾಕುರಾ ಕಲ್ಕತ್ತೆಗೆ ಬಂದರು. ಠಾಕೂರರ ಮನೆತನದ ಜತೆ ಗೆಳೆತನ ಬೆಳೆಯಿತು. ಅವರೊಂದಿಗೆ ಬಂದ ಹೋರಿ ಎಂಬ ತರುಣ ಸಂಸ್ಕೃತ ಕಲಿಯಲು ಶಾಂತಿನಿಕೇತನದಲ್ಲಿ ಉಳಿದ. ಆಗಿನ್ನೂ ಅದು ಮರದಡಿಯ ಪುಟ್ಟ ಶಾಲೆ.

1905ರಲ್ಲಿ ರವೀಂದ್ರರು ಮಕ್ಕಳಿಗೆ ಜೂಡೊ ಕಲಿಸಲು ಜಪಾನಿನಿಂದ ಗುರುವನ್ನು ಕರೆಸಿದರು. ಬಂದವರು ಜಿನ್ನೊಸುಕೆ ಸಾನೊ. ಅವರು ಮಕ್ಕಳಿಗೆ ಪಟ್ಟು ಕಲಿಸಿದರು. ತಾವು ಬಂಗಾಳಿ ಕಲಿತರು. ರವೀಂದ್ರರ ‘ಗೋರಾ’ ಕಾದಂಬರಿಯನ್ನು 1924ರಲ್ಲಿ ಜಪಾನಿಗೆ ತಂದದ್ದು ಈ ಜೂಡೊ ಗುರು. ಒಂದು ಭಾಷೆಯವರನ್ನು ಮರ್ಯಾದೆಯಿಂದ ಕರೆಸಿಕೊಂಡು ನಮ್ಮ ನಡುವೆ ಇರಗೊಟ್ಟರೆ ಲಾಭ ಎರಡೂ ಕಡೆಗೆ ಹರಿಯುತ್ತದೆ.

ರವೀಂದ್ರರು 1916ರಲ್ಲಿ ಮೊದಲ ಬಾರಿ ಜಪಾನಿಗೆ ಹೋದರು. ಅಲ್ಲಿನ ಸೌಂದರ್ಯಪ್ರಜ್ಞೆಗೆ ಮನಸೋತರು. ಅಲ್ಲಿನ ಉಗ್ರ ರಾಷ್ಟ್ರೀಯತೆಯನ್ನು ಅಲ್ಲೇ ನಿಂತು ಖಂಡಿಸಿದರು. 1919ರಲ್ಲಿ ಬಂದ ಅವರ ‘ಜಪಾನ್ ಯಾತ್ರಿ’ಯಲ್ಲಿ ಜಪಾನಿ ಕವಿ ಬಾಶೊನ ಕಿರುಗವಿತೆ ಹಾಯ್ಕು ಬಂಗಾಳಿಗೆ ಬಂತು. ಮೆಚ್ಚುವುದಕ್ಕೂ ತಿದ್ದುವುದಕ್ಕೂ ಹತ್ತಿರದ ಪರಿಚಯ ಬೇಕು ಎಂಬುದನ್ನು ಅವರು ನಡೆದು ತೋರಿಸಿದರು.

ವಿಶ್ವಭಾರತಿಯಲ್ಲಿ 1954ರಲ್ಲಿ ಜಪಾನಿ ವಿಭಾಗ ಶುರುವಾಯಿತು. 1994ರಲ್ಲಿ ಅದಕ್ಕೆ ನಿಪ್ಪಾನ್ ಭವನ ಎಂಬ ಸ್ವಂತ ಮನೆ ಸಿಕ್ಕಿತು. ಅದಕ್ಕಾಗಿ ಜಪಾನಿನಲ್ಲಿ ಓಡಾಡಿ ಹಣ ಕೂಡಿಸಿದವರಲ್ಲಿ ಮುಖ್ಯರು ಕಾಜುಒ ಆಜುಮಾ. ರವೀಂದ್ರರನ್ನು ಬಂಗಾಳಿಯಿಂದ ನೇರವಾಗಿ ಜಪಾನಿಗೆ ಅನುವಾದಿಸಿದ ವಿದ್ವಾಂಸ ಅವರು.

ದೆಹಲಿಯಲ್ಲಿ ಇನ್ನೊಂದು ಧಾರೆ. ದೆಹಲಿ ವಿಶ್ವವಿದ್ಯಾಲಯದ ಚೀನಿ ವಿಭಾಗಕ್ಕೆ 1960ರ ದಶಕದ ಕೊನೆಯಲ್ಲಿ ಜಪಾನಿಯೂ ಸೇರಿತು. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಜಪಾನಿ ಕಲಿಸಿದ ಪ್ರೊಫೆಸರ್ ಸತ್ಯಭೂಷಣ ವರ್ಮಾ ಹಾಯ್ಕುಗಳನ್ನು ಜಪಾನಿಯಿಂದ ನೇರವಾಗಿ ಹಿಂದಿಗೆ ತಂದರು. ಅಷ್ಟಕ್ಕೇ ಸುಮ್ಮನಾಗದೆ, 1970ರ ದಶಕದ ಕೊನೆಯಲ್ಲಿ ಅಂಚೆಯ ಇನ್‌ಲ್ಯಾಂಡ್ ಪತ್ರದ ಮೇಲೆ ಹಾಯ್ಕು ಪತ್ರಿಕೆ ಅಚ್ಚು ಹಾಕಿ ಊರೂರಿಗೆ ಕಳಿಸಿದರು. ಹಿಂದಿಯಲ್ಲಿ ಹಾಯ್ಕು ಬರೆಯುವವರ ದೊಡ್ಡ ಬಳಗವೇ ಬೆಳೆಯಿತು. 2002ರಲ್ಲಿ ಜಪಾನ್ ಅವರಿಗೆ ಮಾಸಾಓಕಾ ಶಿಕಿ ಅಂತರರಾಷ್ಟ್ರೀಯ ಹಾಯ್ಕು ಪ್ರಶಸ್ತಿ ಕೊಟ್ಟಿತು. ವಿಶ್ವವಿದ್ಯಾಲಯದ ಒಬ್ಬ ಮೇಷ್ಟ್ರು ಒಂದು ಭಾಷೆಯ ಕಾವ್ಯಕ್ಕೆ ಕೊಡಬಹುದಾದದ್ದು ಇಷ್ಟು ದೊಡ್ಡದು.

ಕನ್ನಡಿಗರಿಗೆ ಅರ್ಧ ದಾರಿ ಸಲೀಸು

ಇಂಗ್ಲಿಷ್ ಮಾತಾಡುವವರಿಗೆ ಅತಿ ಕಷ್ಟದ ಭಾಷೆಗಳ ಪಟ್ಟಿಯಲ್ಲಿ ಅಮೆರಿಕದ ವಿದೇಶಾಂಗ ಸೇವಾ ಸಂಸ್ಥೆ ಜಪಾನಿಯನ್ನು ಇಟ್ಟಿದೆ. ಕನ್ನಡ ಬಲ್ಲವರಿಗೆ ಕಷ್ಟದ ಲೆಕ್ಕವೇ ಬೇರೆ.

‘ನಿನ್ನೆ ಮೈಸೂರಿಗೆ ಹೋಗಿ, ಗೆಳೆಯನನ್ನು ಕಂಡು, ಊಟ ಮಾಡಿ ಬಂದೆ’ ಎನ್ನುತ್ತೇವಲ್ಲ. ಜಪಾನಿಯಲ್ಲಿ ಇದು ‘ಕಿನೊ ಮೈಸೂರು ನಿ ಇತ್ತೆ, ತೊಮೊದಾಚಿ ನಿ ಅತ್ತೆ, ಗೊಹಾನ್ ಒ ತಾಬೆತೆ ಕಿಮಾಶಿತಾ’. ಪದಗಳು ನಿಂತ ಜಾಗ ಬಹುತೇಕ ಅದೇ. ವಿಭಕ್ತಿ ನಾಮಪದದ ಹಿಂದೆಯೇ ಬರುತ್ತದೆ, ಕ್ರಿಯಾಪದ ಕೊನೆಗೆ ಕೂರುತ್ತದೆ. ಹೋಗಿ, ಕಂಡು, ಮಾಡಿ ಎಂಬ ನಮ್ಮ ಸರಪಳಿ ಅಲ್ಲಿ ‘ತೆ’ ರೂಪದ ಸರಪಳಿ.

ಇನ್ನೂ ಒಳಕ್ಕೆ ಹೋದರೆ ಹೋಲಿಕೆ ಬೆರಗು ಹುಟ್ಟಿಸುತ್ತದೆ. ‘ಮಾಡಿ ನೋಡು’ ಎಂದು ನಾವು ಪ್ರಯತ್ನವನ್ನು ಸೂಚಿಸುವ ಹಾಗೆಯೇ ಅವರು ‘ಶಿತೆ ಮಿರು’ ಎನ್ನುತ್ತಾರೆ. ‘ಮಿರು’ ಎಂದರೂ ನೋಡುವುದೇ. ಮೊದಲೇ ‘ಮಾಡಿಡು’ವುದಕ್ಕೆ ‘ಶಿತೆ ಒಕು’. ‘ಒಕು’ ಎಂದರೆ ಇಡುವುದು. ಇಂಗ್ಲಿಷಿನ ಮೂಲಕ ಜಪಾನಿ ಕಲಿಯುವ ಕನ್ನಡದ ಮಕ್ಕಳು ಈ ರಚನೆಗಳಿಗೆ ಪುಟಗಟ್ಟಲೆ ವಿವರಣೆ ಓದುತ್ತಾರೆ. ಕನ್ನಡದಲ್ಲೇ ಹೇಳಿಕೊಟ್ಟರೆ ಪಾಠ ಐದು ನಿಮಿಷದ್ದು. ನಮ್ಮ ಢವಢವ, ಮಿಣಮಿಣ, ಗುಡುಗುಡುಗಳಿಗೂ ಅಲ್ಲಿ ದೊಕಿದೊಕಿ, ಕಿರಾಕಿರಾ, ಗೊರೊಗೊರೊ ಎಂಬ ಒಡನಾಡಿಗಳಿವೆ. ಇಂಥ ನೂರಾರು ಅನುಕರಣ ಪದಗಳು ಆ ಭಾಷೆಯ ಉಸಿರಿನಲ್ಲೇ ಬೆರೆತಿವೆ.

ಇದನ್ನೆಲ್ಲ ರಕ್ತಸಂಬಂಧವೆಂದು ತಿಳಿಯಬೇಕಿಲ್ಲ. ಜಪಾನಿಯ ಬೇರು ತಮಿಳಿನಲ್ಲಿದೆ ಎಂದು ಜಪಾನಿನ ಭಾಷಾಪಂಡಿತ ಸುಸುಮು ಓನೊ ವಾದಿಸಿದ್ದರು. ಹೆಚ್ಚಿನ ಭಾಷಾಶಾಸ್ತ್ರಜ್ಞರು ಒಪ್ಪಲಿಲ್ಲ. ರಚನೆಯಲ್ಲಿ ಹೋಲಿಕೆ ಇರುವುದು ಮಾತ್ರ ನಿಜ; ಕಲಿಯುವವರಿಗೆ ಬೇಕಾದದ್ದೂ ಅಷ್ಟೇ.

ಇತಿಹಾಸದ ನಂಟೊಂದು ಖಚಿತವಾಗಿ ಇದೆ. ಭಾರತದ ಭಿಕ್ಷು ಬೋಧಿಸೇನ 736ರಲ್ಲಿ ಜಪಾನ್ ತಲುಪಿದರು. 752ರಲ್ಲಿ ನಾರಾ ನಗರದ ತೋದಾಯ್‌ಜಿ ದೇಗುಲದ ಮಹಾಬುದ್ಧನಿಗೆ ಕಣ್ಣು ಬರೆಯುವ ವಿಧಿ ನಡೆಸಿದವರು ಅವರೇ. ಬೌದ್ಧ ಮಠಗಳಲ್ಲಿ ನಡೆದ ಸಂಸ್ಕೃತ ಅಕ್ಷರಾಭ್ಯಾಸದ ಪ್ರಭಾವದಿಂದ ಜಪಾನಿ ಅಕ್ಷರಮಾಲೆಗೆ ಈಗಿನ ಕ್ರಮ ಬಂತು. ಅ ಇ ಉ ಎ ಒ. ನಂತರ ಕ, ಸ, ತ, ನ, ಹ, ಮ, ಯ, ರ, ವ. ಕಾಗುಣಿತ ಬಲ್ಲ ನಮ್ಮ ಮಗು ಈ ಪಟ್ಟಿಯನ್ನು ಹೊಸದೆಂದು ಭಾವಿಸುವುದಿಲ್ಲ.

ಉಳಿದರ್ಧ ದಾರಿ ಕಡಿದಾದದ್ದು. ಎರಡು ಕಾನಾ ಲಿಪಿಗಳ ಜತೆಗೆ ಚೀನಾದಿಂದ ಬಂದ ಕಾಂಜಿ. ಒಂದೇ ಕಾಂಜಿಗೆ ಚೀನಿ ಮೂಲದ ಓದು ಬೇರೆ, ದೇಶಿ ಓದು ಬೇರೆ. ಗೌರವದ ಮಾತಿನಲ್ಲಿ ಎದುರಿನವರನ್ನು ಎತ್ತುವ ಕ್ರಿಯಾಪದಗಳು ಬೇರೆ, ತನ್ನನ್ನು ತಗ್ಗಿಸಿಕೊಳ್ಳುವ ಕ್ರಿಯಾಪದಗಳು ಬೇರೆ. ‘ನೀನು–ನೀವು’ ಬಲ್ಲ ನಮಗೂ ಇದು ಹೊಸ ಅಭ್ಯಾಸ. ಇದಕ್ಕೆಲ್ಲ ವರ್ಷಗಳ ತಾಳ್ಮೆ ಬೇಕು. ಅಷ್ಟು ಸಮಯ ಕೊಡಬಲ್ಲದ್ದು ವಾರಾಂತ್ಯದ ತರಬೇತಿಯಲ್ಲ, ಪೂರ್ಣಾವಧಿಯ ಪದವಿ.

> ಅಂಕಿಗಳಲ್ಲಿ ಜಪಾನಿ
>
> ● 46: ಹಿರಾಗಾನಾ ಲಿಪಿಯ ಮೂಲ ಅಕ್ಷರಗಳು. ಕಟಕಾನಾದಲ್ಲೂ ಅಷ್ಟೇ.
>
> ● 1,026: ಜಪಾನಿನ ಮಕ್ಕಳು ಪ್ರಾಥಮಿಕ ಶಾಲೆಯಲ್ಲಿ ಕಲಿಯಬೇಕಾದ ಕಾಂಜಿಗಳು.
>
> ● 2,136: ದಿನಬಳಕೆಗೆಂದು ಸರ್ಕಾರ ಗುರುತಿಸಿರುವ ಕಾಂಜಿಗಳು.
>
> ● 2,200: ಜಪಾನಿಯಲ್ಲಿ ವೃತ್ತಿಗೆ ಬೇಕಾದ ಹಿಡಿತ ಸಾಧಿಸಲು ಅಮೆರಿಕದ ರಾಜತಾಂತ್ರಿಕರಿಗೆ ನಿಗದಿಯಾದ ತರಗತಿ ಗಂಟೆಗಳು, 88 ವಾರಗಳ ಪಾಠ.
>
> ● 1984: ಸಾಮರ್ಥ್ಯ ಪರೀಕ್ಷೆ ಆರಂಭವಾದ ವರ್ಷ. ಎನ್‌5ರಿಂದ ಎನ್‌1ರ ಈಗಿನ ಐದು ಹಂತಗಳು 2010ರಿಂದ.

ಹಳೆಯ ಜಪಾನಿ, ಹಳಗನ್ನಡ

ವಿಶ್ವವಿದ್ಯಾಲಯದ ಜಪಾನಿ ಪದವಿ ಮೊದಲ ವರ್ಷ ತರಬೇತಿ ಕೇಂದ್ರದ ಪಾಠದಂತೆಯೇ ಕಾಣುತ್ತದೆ. ಅದೇ ಪಠ್ಯಪುಸ್ತಕ, ಅದೇ ಸಂಭಾಷಣೆ, ಕಾಂಜಿಯ ಅದೇ ಚೌಕುಳಿ ಹಾಳೆ. ಬೇರೆಯಾಗುವುದು ಆಮೇಲೆ. ಇತಿಹಾಸ, ಸಮಾಜ, ಬೌದ್ಧ ಮತ್ತು ಶಿಂತೊ ಚಿಂತನೆ, ರಂಗಭೂಮಿ, ಅನುವಾದ ಒಂದೊಂದಾಗಿ ಸೇರಿಕೊಳ್ಳುತ್ತವೆ. ದೊಡ್ಡ ವಿಭಾಗಗಳಲ್ಲಿ ಪ್ರಾಚೀನ ಜಪಾನಿಯ ಪತ್ರಿಕೆಯೂ ಇರುತ್ತದೆ.

ಪಂಪನನ್ನು ಓದಲು ಹಳಗನ್ನಡದ ವ್ಯಾಕರಣ ಬೇಕಾದ ಹಾಗೆ, ಜಪಾನೀಯರಿಗೂ ತಮ್ಮ ಹಳೆಯ ಕೃತಿಗಳನ್ನು ಓದಲು ಬೇರೆ ವ್ಯಾಕರಣ ಬೇಕು. ಹಳೆಯ ಹಸ್ತಪ್ರತಿ, ಮರದಚ್ಚಿನ ಪುಸ್ತಕಗಳಲ್ಲಿರುವ ಕೂಡುಬರಹ ಇಂದಿನ ಹೆಚ್ಚಿನ ಜಪಾನೀಯರಿಗೆ ಓದಲಾಗುವುದಿಲ್ಲ. ಅದನ್ನು ಬಿಡಿಸುವ ವಿದ್ಯೆ ಉಳಿದಿರುವುದು ಹೆಚ್ಚಾಗಿ ವಿಶ್ವವಿದ್ಯಾಲಯಗಳಲ್ಲಿ.

ಈ ಹಳೆಯ ಸಾಹಿತ್ಯದಲ್ಲಿ ಕನ್ನಡಿಗರಿಗೆ ತಮ್ಮದೇ ಮುಖ ಕಾಣುವ ಜಾಗಗಳಿವೆ. ಕ್ರಿ.ಶ. 850ರ ಸುಮಾರಿಗೆ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿತು. ಸಂಸ್ಕೃತದ ದೊಡ್ಡ ನೆರಳಿನಲ್ಲಿ ನಿಂತು ಕನ್ನಡಕ್ಕೂ ಕಾವ್ಯವಿದೆ, ಅದಕ್ಕೂ ಲಕ್ಷಣವಿದೆ ಎಂದು ಹೇಳಿದ ಗ್ರಂಥ ಅದು. ಅದಾಗಿ ಅರ್ಧ ಶತಮಾನ ಕಳೆದ ಮೇಲೆ, 905ರಲ್ಲಿ, ಜಪಾನಿನ ಚಕ್ರವರ್ತಿಯ ಆದೇಶದಂತೆ ‘ಕೊಕಿನ್‌ಶೂ’ ಕಾವ್ಯ ಸಂಕಲನ ಸಿದ್ಧವಾಯಿತು. ಅದಕ್ಕೆ ಕಿ ನೊ ತ್ಸುರಾಯುಕಿ ಚೀನಿ ಬಿಟ್ಟು ಕಾನಾದಲ್ಲಿ ಮುನ್ನುಡಿ ಬರೆದು ದೇಶಿ ಕಾವ್ಯದ ಪರ ನಿಂತ. ಒಬ್ಬರಿಗೊಬ್ಬರು ಗೊತ್ತೇ ಇಲ್ಲದ ಎರಡು ಆಸ್ಥಾನಗಳು ಒಂದೇ ಪ್ರಶ್ನೆಗೆ ಒಂದೇ ಕಾಲಘಟ್ಟದಲ್ಲಿ ಉತ್ತರ ಹುಡುಕಿದವು. ಎರಡನ್ನೂ ಮೂಲದಲ್ಲಿ ಓದಬಲ್ಲ ಒಬ್ಬ ವಿದ್ಯಾರ್ಥಿ ಬರೆಯಬಹುದಾದ ಪ್ರಬಂಧವನ್ನು ಊಹಿಸಿಕೊಳ್ಳಿ.

ಅದೇ ತ್ಸುರಾಯುಕಿ 935ರ ಸುಮಾರಿಗೆ ಹೆಣ್ಣಿನ ದನಿಯಲ್ಲಿ ಒಂದು ಪ್ರವಾಸ ದಿನಚರಿ ಬರೆದ. ಗಂಡಸರ ವಿದ್ವತ್ತಿಗೆ ಚೀನಿಯೇ ಭಾಷೆಯಾಗಿದ್ದ ಕಾಲ. ಕಾನಾ ಹೆಂಗಸರ ಬರಹವೆನಿಸಿತ್ತು. ಆ ಬರಹದಲ್ಲೇ 11ನೇ ಶತಮಾನದ ಆರಂಭದಲ್ಲಿ ಅರಮನೆಯ ಸೇವೆಯಲ್ಲಿದ್ದ ಮುರಾಸಾಕಿ ಶಿಕಿಬು 54 ಅಧ್ಯಾಯಗಳ ‘ಗೆಂಜಿ ಕಥೆ’ ಬರೆದಳು. ಪಂಡಿತರು ಬದಿಗಿಟ್ಟ ಲಿಪಿಯಲ್ಲಿ, ಹೆಣ್ಣೊಬ್ಬಳ ಕೈಯಲ್ಲಿ, ಜಗತ್ತಿನ ಮಹಾಕಾದಂಬರಿಗಳಲ್ಲೊಂದು ಮೂಡಿತು. ಎನ್‌1 ಪ್ರಮಾಣಪತ್ರ ಕೈಗೆ ಬಂದವರಿಗೂ ಈ ಪುಸ್ತಕ ಮೂಲದಲ್ಲಿ ತೆರೆಯುವುದಿಲ್ಲ. ತೆರೆಯಬೇಕಾದರೆ ಗುರುವಿನ ಪಕ್ಕ ಕೂರಲೇಬೇಕು.

ಇಂಗ್ಲಿಷ್ ಬಳಸಿ ಬಂದ ಫುಕುಓಕಾ

ಕನ್ನಡಕ್ಕೆ ಜಪಾನಿನ ಮೇಲೆ ಪ್ರೀತಿ ಇಲ್ಲವೆಂದಲ್ಲ. ಉಳುಮೆ ಇಲ್ಲದ ಬೇಸಾಯದ ಋಷಿ ಮಸನೊಬು ಫುಕುಓಕಾರ ವಿಚಾರಗಳನ್ನು ಕೆ.ಪಿ. ಪೂರ್ಣಚಂದ್ರ ತೇಜಸ್ವಿ ‘ಸಹಜ ಕೃಷಿ’ಯಲ್ಲಿ ಕನ್ನಡದ ರೈತರ ಮುಂದಿಟ್ಟರು. ಮೇಲುಕೋಟೆಯ ಸಂತೋಷ್ ಕೌಲಗಿ ಅನುವಾದಿಸಿದ ಫುಕುಓಕಾರ ‘ಒಂದು ಹುಲ್ಲಿನ ಕ್ರಾಂತಿ’ ಎಷ್ಟೋ ತೋಟಗಳ ಬೇಸಾಯವನ್ನೇ ಬದಲಿಸಿತು. ಜಪಾನಿ ಹುಡುಗಿಯೊಬ್ಬಳ ಶಾಲೆಯ ನೆನಪುಗಳ ‘ತೊತ್ತೋ ಚಾನ್’ ಓದಿದ ಮೇಷ್ಟ್ರುಗಳು ಮಕ್ಕಳನ್ನು ಬೇರೆ ಕಣ್ಣಿನಿಂದ ನೋಡಿದರು. ಕನ್ನಡದ ಕವಿಗಳು ಹಾಯ್ಕುವನ್ನೂ ಬರೆದರು.

ಫುಕುಓಕಾರ ಪುಸ್ತಕ ಜಪಾನಿಯಲ್ಲಿ ಬಂದದ್ದು 1975ರಲ್ಲಿ, ಇಂಗ್ಲಿಷಿನಲ್ಲಿ 1978ರಲ್ಲಿ. ಇಂಗ್ಲಿಷಿಗೆ ತಂದವರಲ್ಲಿ ಮುಖ್ಯರಾದ ಲ್ಯಾರಿ ಕಾರ್ನ್ ಆ ತೋಟದಲ್ಲೇ ಇದ್ದು ಕೆಲಸ ಮಾಡಿದ್ದ ಅಮೆರಿಕನ್ ತರುಣ. ನಮಗೆ ಸಿಕ್ಕದ್ದು ಆ ಇಂಗ್ಲಿಷಿನಿಂದ ಸೋಸಿ ಬಂದ ಫುಕುಓಕಾ. ಆ ಅನುವಾದಗಳ ಋಣ ದೊಡ್ಡದು. ಭತ್ತದ ಗದ್ದೆ, ಮಳೆಗಾಲ, ಹುಲ್ಲಿನ ಹೊದಿಕೆ ಬಲ್ಲ ಕನ್ನಡ, ಭತ್ತದ ಗದ್ದೆಯ ಇನ್ನೊಂದು ಭಾಷೆಯೊಂದಿಗೆ ನಡುವೆ ಯಾರೂ ಇಲ್ಲದೆ ಮಾತಾಡಿದ್ದರೆ ಇನ್ನೆಷ್ಟು ಸಿಗುತ್ತಿತ್ತು ಎಂಬ ಆಸೆಯೂ ಅಷ್ಟೇ ದೊಡ್ಡದು.

ಜಪಾನಿನ ವಿದ್ವಾಂಸರು ನಮ್ಮತ್ತ ಇಂಥ ನೇರ ದಾರಿ ಹಾಕಿಕೊಂಡಿದ್ದಾರೆ. ಟೋಕಿಯೊದಲ್ಲಿ 1908ರಲ್ಲೇ ಹಿಂದೂಸ್ತಾನಿ ಪಾಠ ಶುರುವಾಗಿತ್ತು. ಇಂದಿನ ಟೋಕಿಯೊ ವಿದೇಶಿ ಅಧ್ಯಯನಗಳ ವಿಶ್ವವಿದ್ಯಾಲಯ ಆ ಪರಂಪರೆಯದು. ಅಲ್ಲಿನ ಏಷ್ಯಾ–ಆಫ್ರಿಕಾ ಭಾಷಾ ಸಂಶೋಧನಾ ಸಂಸ್ಥೆ ಕನ್ನಡದ ನಿರುಕ್ತಿ ಕೋಶವೊಂದನ್ನು ಹೊರತಂದಿದೆ. ನೊರಿಹಿಕೊ ಉಚಿದಾ ಮತ್ತು ನಮ್ಮ ಬಿ.ಬಿ. ರಾಜಪುರೋಹಿತ ಅದರ ಕರ್ತೃಗಳು. ಸಂಪಾದನೆ ಜುನ್ ತಕಾಶಿಮಾ ಅವರದು. ಕನ್ನಡದ ಒಂದೊಂದು ಪದದ ಬೇರನ್ನು ಟೋಕಿಯೊದಲ್ಲಿ ಕೂತು ಹುಡುಕಿದ್ದಾರೆ. ಅವರ ಭಾಷೆಯ ಬೇರನ್ನು ಕನ್ನಡದಲ್ಲಿ ಹೇಳುವ ಸರದಿ ನಮ್ಮದು.

> ಪದವಿ ಓದಬೇಕೆನ್ನುವವರಿಗೆ
>
> ● ಭಾರತದಲ್ಲಿ ವಿಶ್ವಭಾರತಿ ಮತ್ತು ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯಗಳಲ್ಲಿ ಬಿ.ಎ.ಯಿಂದ ಸಂಶೋಧನೆಯವರೆಗೆ ಜಪಾನಿ ಓದಬಹುದು. ದೆಹಲಿ ವಿಶ್ವವಿದ್ಯಾಲಯದ ಪೂರ್ವ ಏಷ್ಯಾ ವಿಭಾಗದಲ್ಲೂ ಅಧ್ಯಯನವಿದೆ. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ ಕನ್ನಡಿಗರಿಗೆ ಹತ್ತಿರ.
>
> ● ಬೆಂಗಳೂರಿನಲ್ಲಿ ವಿಶ್ವವಿದ್ಯಾಲಯ ಮಟ್ಟದ ವಿದೇಶಿ ಭಾಷಾ ಕೋರ್ಸುಗಳಲ್ಲಿ ಜಪಾನಿಯೂ ಇದೆ.
>
> ● ಜಪಾನಿನ ಹೊರಗೆ ಜಪಾನಿ ಭಾಷೆ, ಸಂಸ್ಕೃತಿಯನ್ನು ಪದವಿ ವಿಷಯವಾಗಿ ಓದುತ್ತಿರುವವರಿಗೆ ಆ ದೇಶದ ಶಿಕ್ಷಣ ಸಚಿವಾಲಯ ಪ್ರತ್ಯೇಕ ವಿದ್ಯಾರ್ಥಿವೇತನ ಕೊಡುತ್ತದೆ. ಸುಮಾರು ಒಂದು ವರ್ಷ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಓದುವ ಅವಕಾಶ. ಪದವಿ ವಿಭಾಗವೇ ಇಲ್ಲದ ಕಡೆಯ ವಿದ್ಯಾರ್ಥಿಗೆ ಈ ಬಾಗಿಲು ತೆರೆಯುವುದಿಲ್ಲ.

ಒಂದು ಪೀಠ ಬೇಕು

ಬೆಂಗಳೂರಿನಲ್ಲಿ ಜಪಾನಿ ಕಂಪನಿಗಳಿವೆ, ಜಪಾನಿನ ಕಾನ್ಸುಲೇಟ್ ಇದೆ, ವರ್ಷಕ್ಕೊಮ್ಮೆ ಜಪಾನ್ ಹಬ್ಬ ನಡೆಯುತ್ತದೆ. ಪರೀಕ್ಷೆ ಬರೆಯಲು ಸಾಲುಗಟ್ಟುವ ಮಕ್ಕಳಿದ್ದಾರೆ. ಜಪಾನಿನಲ್ಲಿ ಹತ್ತು ವರ್ಷ ದುಡಿದು ಊರಿಗೆ ಮರಳಿದ ಕನ್ನಡಿಗರೂ ಇದ್ದಾರೆ. ಇವರನ್ನೆಲ್ಲ ಒಂದು ಸೂರಿನಡಿ ಸೇರಿಸುವ, ಕನ್ನಡವನ್ನು ಪಾಠದ ಭಾಷೆಯಾಗಿ ಇಟ್ಟುಕೊಂಡ ಪೂರ್ಣ ಜಪಾನಿ ವಿಭಾಗ ನಮಗೆ ಬೇಕು.

ಅದರ ಕೆಲಸದ ಪಟ್ಟಿ ಉದ್ದವಿದೆ. ಕನ್ನಡದ ರಚನೆಯನ್ನೇ ಆಧಾರವಾಗಿಟ್ಟುಕೊಂಡ ಜಪಾನಿ ವ್ಯಾಕರಣ ಬರೆಯಬೇಕು. ಎನ್‌5ಕ್ಕೆ ಓದುವ ತುಮಕೂರಿನ, ಹಾವೇರಿಯ ಮಕ್ಕಳಿಗೆ ಅದರಿಂದ ನಾಳೆಯೇ ಪ್ರಯೋಜನ. ಜಪಾನಿ–ಕನ್ನಡ ನಿಘಂಟು ಕಟ್ಟಬೇಕು. ಬಾಶೊ, ಮುರಾಸಾಕಿ, ಕವಾಬಾತರನ್ನು ಮೂಲದಿಂದ ತರಬೇಕು. ವಚನಗಳನ್ನೂ ಕುವೆಂಪು, ಬೇಂದ್ರೆಯವರನ್ನೂ ಅತ್ತ ಕಳಿಸಬಲ್ಲ ಅನುವಾದಕರನ್ನು ತಯಾರು ಮಾಡಬೇಕು. ಕನ್ನಡ ವಿಭಾಗ, ಇತಿಹಾಸ ವಿಭಾಗ, ರಂಗಶಾಲೆಗಳ ಜತೆ ಕೂತು ಪಾಠ ರೂಪಿಸಬೇಕು.

ವಿದ್ಯಾರ್ಥಿಗಳು ಬರುವರೇ ಎಂದು ಆಡಳಿತದವರು ಕೇಳುತ್ತಾರೆ. ಎನ್‌2, ಎನ್‌1 ಗೆದ್ದು ಕೆಲಸದಲ್ಲಿರುವವರಲ್ಲಿ ನೂರಕ್ಕೆ ಐವರು ಮುಂದೆ ಓದಲು ಬಂದರೂ ವಿಭಾಗ ನಡೆಯುತ್ತದೆ. ಅವರಿಗೆ ಸಂಜೆ ತರಗತಿ ಇಡಬಹುದು. ಖರ್ಚಿನಲ್ಲಿ ಪಾಲು ಕೊಡಿ ಎಂದು ಭಾಷೆ ಬಲ್ಲವರಿಂದ ಲಾಭ ಪಡೆಯುತ್ತಿರುವ ಉದ್ಯಮಗಳನ್ನು ಕೇಳಬಹುದು. ನಿಪ್ಪಾನ್ ಭವನವೂ ಹೀಗೆ ಹಲವರ ಕೈಗೂಡಿ ಎದ್ದದ್ದು.

ಈ ಡಿಸೆಂಬರ್‌ನಲ್ಲೂ ನಮ್ಮ ಮಕ್ಕಳು ಪರೀಕ್ಷೆ ಬರೆಯುತ್ತಾರೆ. ಒಳ್ಳೆಯ ಅಂಕ ಬರಲಿ, ಒಳ್ಳೆಯ ಕೆಲಸ ಸಿಗಲಿ. ಕಷ್ಟಪಟ್ಟು ಎರಡು ಸಾವಿರ ಕಾಂಜಿ ಕಲಿತ ಆ ಕಣ್ಣುಗಳಿಗೆ ಕಂಪನಿಯ ಇಮೇಲ್ ಒಂದನ್ನೇ ಓದಲು ಕೊಟ್ಟು ಸುಮ್ಮನಾಗುವುದು ಅವರ ಶ್ರಮಕ್ಕೂ ಆ ಭಾಷೆಗೂ ಮಾಡುವ ಅನ್ಯಾಯ. ಅವರು ಅರ್ಧ ದಾರಿ ಸ್ವಂತ ಬಲದಿಂದ ನಡೆದು ಬಂದಿದ್ದಾರೆ. ಉಳಿದರ್ಧಕ್ಕೆ ಗುರುವನ್ನೂ ಗ್ರಂಥಾಲಯವನ್ನೂ ಕೊಡುವುದು ಕರ್ನಾಟಕದ ವಿಶ್ವವಿದ್ಯಾಲಯಗಳ ಹೊಣೆ. ಮುಂದಿನ ಶೈಕ್ಷಣಿಕ ವರ್ಷದಲ್ಲೇ ಅದನ್ನು ಶುರು ಮಾಡಬಹುದು.